ಪದ್ಮಾಳ ಸಹಿಯಲ್ಲಿ ನಾನು ತಿದ್ದದೆ ಬಿಟ್ಟ ಅಂಕಿ

ಪದ್ಮಾಳ ಫೋನ್ ನಂಬರಿನಲ್ಲಿ ಒಂದು ಅಂಕಿ ತಪ್ಪಾಗಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಿದ್ದಲಿಲ್ಲ. ತಪ್ಪು ಬರೆದವಳೂ ನಾನೇ, ತಪ್ಪು ಕಂಡವಳೂ ನಾನೇ, ಕಂಡ ಮೇಲೆ ಬಾಯಿ ಮುಚ್ಚಿಕೊಂಡವಳೂ ನಾನೇ. ಬರೆದದ್ದನ್ನು ಕೈತಪ್ಪು ಎನ್ನಬಹುದು. ಮುಚ್ಚಿಟ್ಟದ್ದಕ್ಕೆ ಬೇರೆ ಹೆಸರಿದೆ — ಅದನ್ನು ಹುಡುಕಿಕೊಂಡೇ ಇದನ್ನು ಬರೆಯಲು ಕೂತಿದ್ದೇನೆ.

ಪದ್ಮಾ ನನ್ನ ನಾದಿನಿ, ಗಂಡನ ತಂಗಿ. ಮೊಳಕಾಲ್ಮುರಿನ ನಮ್ಮ ಮನೆಯಲ್ಲಿ ಮಾತೆಲ್ಲ ತೆಲುಗು, ಬೀದಿಗೆ ಇಳಿದರೆ ಕನ್ನಡ, ಎಷ್ಟೋ ಸಲ ಒಂದೇ ಮಾತಿನಲ್ಲಿ ಎರಡೂ. ಅತ್ತಿಗೆ ಎನ್ನುವುದಕ್ಕೆ ಅವಳು ನನ್ನನ್ನು ‘ವದಿನಾ’ ಎನ್ನುತ್ತಾಳೆ. ನಡುಮನೆಯಲ್ಲಿ ನನ್ನ ಗಂಡನ ರೇಷ್ಮೆ ಮಗ್ಗ. ಒಳಕೋಣೆಯಲ್ಲಿ ಲಕ್ವಾ ಹೊಡೆದು ಮಲಗಿದ್ದ ನನ್ನ ಅತ್ತೆ. ನಾನು ದಿನವೂ ಬೆಳಗಿನ ಬಸ್ಸು ಹಿಡಿದು ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನ ಕಚೇರಿಗೆ ಹೋಗುತ್ತಿದ್ದೆ. ಅತ್ತೆಗೆ ಅಂಬಲಿ ಕುಡಿಸುವುದು, ಮಗ್ಗುಲು ಬದಲಿಸುವುದು, ಬಟ್ಟೆ ತೆಗೆಯುವುದು — ಎಲ್ಲ ಪದ್ಮಾ. ನಾನು ಹೊರಗೆ ಹೋಗಿ ಬರುತ್ತಿದ್ದೆ ಅಂದರೆ ಅವಳು ಒಳಗೆ ಉಳಿಯುತ್ತಿದ್ದಳು ಎಂದೇ ಅರ್ಥ. ಆಗ ನಾನು ಇಷ್ಟು ನೇರವಾಗಿ ಯೋಚಿಸಿರಲಿಲ್ಲ. ಅಥವಾ ಯೋಚಿಸಲು ಹೆದರಿದ್ದೆ.

ಅವಳು ಜವಳಿ ವಿನ್ಯಾಸದಲ್ಲಿ ಡಿಪ್ಲೊಮಾ ಮಾಡಿದ್ದಳು. ಚಿತ್ರ ಬರೆಯುತ್ತಿದ್ದಳು. ಗಿಳಿ, ಹಂಸ, ಮಾವಿನಕಾಯಿ ನಮ್ಮ ಸೀರೆಗಳಲ್ಲಿ ಮೊದಲಿಂದ ಇವೆ. ಅವಳು ಬರೆದದ್ದು ಶೇಂಗಾ ಗಿಡ. ಅಂಚಿನ ಗೆರೆಯೇ ನೆಲ, ಗೆರೆಯ ಮೇಲೆ ಎಲೆ ಮತ್ತು ಪುಟ್ಟ ಹಳದಿ ಹೂವು, ಗೆರೆಯ ಕೆಳಗೆ ಬೇರು, ಬೇರಿಗೆ ತೂಗುವ ಕಾಯಿಗಳು. ಸೆರಗಿಗೆ ಕುರಿ ಉಣ್ಣೆಯ ಸುರುಳಿ. ನನ್ನ ಗಂಡ ನೋಡಿ ನಕ್ಕುಬಿಟ್ಟ. “ಶೇಂಗಾ ಸೀರೆ ಯಾರು ಉಡ್ತಾರೆ ಲೇ? ಉಟ್ಕಂಡು ಹುರ್ಕಂಡು ತಿಂತಾರಾ?” ಅವಳೂ ನಕ್ಕಳು. ಆದರೆ ಹಾಳೆಯನ್ನು ಮಡಿಸದೆ ಜೋಪಾನವಾಗಿ ಎತ್ತಿಟ್ಟಳು.

ಆ ದಿನಗಳಲ್ಲೇ ನಮ್ಮ ಮಿಲ್ಲಿನ ಮಾಲೀಕರ ಮಗ ನನ್ನ ಮೇಜಿನ ಹತ್ತಿರ ಬಂದು, “ಗಿರಿಜಾ ಮೇಡಂ, ದೊಡ್ಡ ಕಂಪನಿಯೋರ ಮೇಲ್ ಕೆಳಗೆ ಹೆಸರು, ಹುದ್ದೆ, ಲೋಗೋ ಎಲ್ಲ ಚೆಂದಾಗಿ ಬರ್ತೈತಲ್ಲ, ನಮ್ಮದಕ್ಕೂ ಹಂಗೇ ಬರ್ಬೇಕು” ಎಂದರು. ಕಂಪ್ಯೂಟರ್ ರಿಪೇರಿಗೆ ಬರುವವನನ್ನು ಕೇಳಿದೆ. “ಅದಕ್ಕೆ ಕೋಡಿಂಗ್ ಬೇಕು ಮೇಡಂ, ನಿಮ್ಮ ಕೈಲಾಗಲ್ಲ” ಎಂದ. ನಾನು ಬಿ.ಕಾಂ. ಓದಿದವಳು, ಕೋಡಿಂಗ್‌ನ ಗಂಧಗಾಳಿ ಇಲ್ಲ. ಆದರೂ ಅವನ ಮಾತು ಚುಚ್ಚಿತು. ಊಟದ ಹೊತ್ತಿನಲ್ಲಿ ಹುಡುಕಿದೆ. ಒಂದು ವೆಬ್‌ಸೈಟ್ ಸಿಕ್ಕಿತು. ಹೆಸರಿಗೆ ಒಂದು ಖಾನೆ, ಹುದ್ದೆಗೊಂದು, ಫೋನಿಗೊಂದು. ತುಂಬುತ್ತಾ ಹೋದರೆ ಪಕ್ಕದಲ್ಲೇ ಸಹಿ ತಯಾರಾಗುತ್ತಾ ಕಾಣುತ್ತದೆ. ಬಣ್ಣ ಆರಿಸಬೇಕು, ಲೋಗೋ ಎಳೆದು ಬಿಡಬೇಕು. ಮುಗಿದ ಮೇಲೆ ಅಷ್ಟನ್ನೂ ಕಾಪಿ ಮಾಡಿ ಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ಸಹಿಯ ಜಾಗದಲ್ಲಿ ಪೇಸ್ಟ್ ಮಾಡಿ ಸೇವ್ ಒತ್ತಬೇಕು. ಅಷ್ಟೇ! ಆಮೇಲೆ ಯಾರಿಗೆ ಏನು ಬರೆದರೂ ಕೆಳಗೆ ತಾನಾಗಿ ಬಂದು ಕೂರುತ್ತದೆ. ಅಂದು ಮಿಲ್ಲಿನಲ್ಲಿ ಎಲ್ಲರೂ ನನ್ನ ಕುರ್ಚಿಯ ಹಿಂದೆ ನಿಂತು ನೋಡಿದರು. ಬಸ್ಸಿನಲ್ಲಿ ಮನೆಗೆ ಬರುವಾಗ ನನಗೆ ಎಷ್ಟು ಹೆಮ್ಮೆ ಎಂದರೆ —

ಆ ಹೆಮ್ಮೆಯಲ್ಲೇ ಪದ್ಮಾಳಿಗೂ ಮಾಡಿಕೊಟ್ಟೆ. ಮಿಲ್ಲಿನವರು ನನಗೆ ಕೊಟ್ಟಿದ್ದ ಹಳೆಯ ಲ್ಯಾಪ್‌ಟಾಪ್ ಮನೆಯಲ್ಲಿತ್ತು. ಸೀರೆ ಕಂಪನಿಗಳಿಗೆ ಚಿತ್ರ ಕಳಿಸಿ ಕೆಲಸ ಕೇಳಬೇಕು ಅಂತ ಅವಳಿಗೆ ಆಸೆ. ಎರಡು ಸಾಲಿನ ಕಾಗದ, ಅದರ ಜೊತೆ ಚಿತ್ರಗಳು, ಕೆಳಗೆ ಸಹಿ, ಇಷ್ಟೇ ಸಾಕು ಎಂದು ನಾನೇ ಹೇಳಿದೆ. “ಮೇಲ್ ನೋಡುವುದು ಕಡಿಮೆ, ಇಷ್ಟವಾದರೆ ಕೆಳಗಿನ ನಂಬರಿಗೇ ಫೋನ್ ಮಾಡಿ” ಎಂಬ ಸಾಲನ್ನು ಬರೆದವಳೂ ನಾನೇ. ಹೆಸರು ಹಾಕಿದೆ, ‘ಕೈಮಗ್ಗ ಸೀರೆ ವಿನ್ಯಾಸ, ಮೊಳಕಾಲ್ಮುರು’ ಎಂದು ಹಾಕಿದೆ, ಶೇಂಗಾ ಗಿಡದ ಚಿತ್ರವನ್ನು ಪಕ್ಕದಲ್ಲಿ ಕೂರಿಸಿದೆ. ಅವಳು ಒಳಕೋಣೆಯಲ್ಲಿ ಅತ್ತೆಯ ಮಗ್ಗುಲು ಬದಲಿಸುತ್ತಾ ನಂಬರನ್ನು ಕೂಗಿ ಹೇಳಿದಳು, ಅರ್ಧ ಕನ್ನಡ ಅರ್ಧ ತೆಲುಗು. ನಡುವೆ ‘ಏಡು’ ಎಂದಳು. ತೆಲುಗಿನಲ್ಲಿ ಏಡು ಅಂದರೆ ಏಳು. ಮಗ್ಗದ ಲಾಳಿಯ ಸದ್ದಿನಲ್ಲಿ ನನ್ನ ಕಿವಿಗೆ ಅದು ‘ಎರಡು’ ಅಂತ ಬಿತ್ತು. ಎರಡು ಎಂದೇ ಒತ್ತಿದೆ.

ಪರೀಕ್ಷೆಗೆಂದು ನನ್ನ ಮೇಲ್‌ಗೇ ಒಂದು ಕಳಿಸಿ ನೋಡಿದೆವು. ಪದ್ಮಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ತನ್ನ ಹೆಸರನ್ನು ನೋಡುತ್ತಾ ನಿಂತಳು. “ವದಿನಾ, ನಾನೇನಾ ಇದು?” ಎಂದಳು. ತನ್ನ ನಂಬರನ್ನು ಯಾರು ಓದಿ ನೋಡುತ್ತಾರೆ? ಅವಳು ನೋಡಲಿಲ್ಲ. ನಾನೂ ನೋಡಲಿಲ್ಲ.

ಮಳೆಗಾಲ ಕಳೆಯಿತು. ಅವಳು ಕಳಿಸುತ್ತಲೇ ಇದ್ದಳು. ಫೋನನ್ನು ನಲ್ಲಿಯ ಹತ್ತಿರಕ್ಕೂ ಒಯ್ಯುತ್ತಿದ್ದಳು.

ಒಂದು ಸಂಜೆ ಚಳ್ಳಕೆರೆಯಲ್ಲಿ ಬಸ್ಸು ಕೆಟ್ಟು ನಿಂತಿತು. ತಡವಾಗುತ್ತದೆ ಎಂದು ಪದ್ಮಾಳಿಗೆ ಹೇಳಬೇಕಿತ್ತು. ನನ್ನ ಫೋನು ಹೊಸದು, ನಂಬರುಗಳು ಇನ್ನೂ ಅದಕ್ಕೆ ಬಂದಿರಲಿಲ್ಲ. ಆ ಪರೀಕ್ಷೆಯ ಮೇಲ್ ನೆನಪಾಯಿತು. ತೆಗೆದು ಸಹಿಯಲ್ಲಿದ್ದ ನಂಬರನ್ನು ಒತ್ತಿದೆ. ಯಾರೋ ಗಂಡಸು ಎತ್ತಿದ. ಪದ್ಮಾ ಎಂದೆ.

“ಅಯ್ಯೋ, ನೀವೂ ಪದ್ಮಾನ್ನೇ ಕೇಳ್ತೀರಾ? ಯಾರಮ್ಮ ಆಕೆ? ನಾನು ಲಾರಿ ಓಡ್ಸೋನು. ಸೀರೆ ಕಂಪನಿಯೋರು ನಂಗೆ ಫೋನ್ ಹಚ್ಚಿ ಹಚ್ಚಿ ಕೇಳ್ತಾರೆ. ಮೊನ್ನೆ ಒಬ್ಬ ಮೇಡಂ ಬಾಳ ಕೇಳ್ಕಂಡ್ರು — ಚಿತ್ರ ಹಿಡಿಸ್ಯಾವಂತೆ, ಕೆಲಸ ಐತಂತೆ. ನಿಮಗೆ ಆಕೆ ಗೊತ್ತಿದ್ರೆ ಒಂದು ಮಾತು ಹೇಳ್ರಮ್ಮ, ಪುಣ್ಯ ಬರ್ತೈತೆ.”

ನನ್ನ ಬಾಯಿಂದ ಬಂದ ಮಾತು ಇದು — “ನನಗೆ ಗೊತ್ತಿಲ್ಲರೀ. ರಾಂಗ್ ನಂಬರ್.”

ಯಾಕೆ ಹಾಗೆ ಅಂದೆ? ಆ ಕ್ಷಣದಲ್ಲಿ ಗಾಬರಿ ಎಂದುಕೊಂಡೆ. ಮನೆಗೆ ಹೋದ ಕೂಡಲೇ ಸರಿ ಮಾಡುತ್ತೇನೆ ಎಂದುಕೊಂಡೆ. ಬೇರೆ ಬಸ್ಸು ಬಂತು, ಕಿಟಕಿಯ ಪಕ್ಕ ಕೂತೆ. ದಾರಿಯಲ್ಲಿನ ತಳಕು ಊರು ದಾಟುವ ಹೊತ್ತಿಗೆ ಯೋಚನೆ ಬೇರೆ ದಾರಿ ಹಿಡಿದಿತ್ತು. ಇವಳು ಹೋದರೆ ಅತ್ತೆಯನ್ನು ಯಾರು ನೋಡಿಕೊಳ್ಳುತ್ತಾರೆ? ಹಿಂದೊಮ್ಮೆ ನನ್ನ ಗಂಡ ಮಗ್ಗದಿಂದ ತಲೆ ಎತ್ತದೆಯೇ ಹೇಳಿದ್ದ, “ಪದ್ಮಾ ಹೊಂಟ್ರೆ ನೀನು ಮಿಲ್ ಬಿಡ್ಬೇಕಾಗ್ತೈತೆ, ನೋಡ್ಕೋ.” ನನ್ನ ಕುರ್ಚಿ, ನನ್ನ ಮೇಜು, ‘ಮೇಡಂ’ ಎನ್ನುವ ನಾಲ್ಕು ಜನ, ಈ ಕಿಟಕಿ — ಎಲ್ಲ ಬಿಟ್ಟು ಆ ಒಳಕೋಣೆ. ಮೂತ್ರದ ವಾಸನೆ, ಮುಚ್ಚಿದ ಕಿಟಕಿ, ಗೋಡೆಯಾಚೆ ಲಾಳಿಯ ಸದ್ದು. ನನ್ನ ಉಸಿರು ಕಟ್ಟಿತು. ಅದೇ ಕೋಣೆಯಲ್ಲಿ ಇನ್ನೊಬ್ಬಳು ವರ್ಷಗಳಿಂದ ಉಸಿರಾಡುತ್ತಿದ್ದಾಳೆ ಎಂಬುದು ಆಗ ನನಗೆ ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೊಳೆಯಿತು. ಹೊಳೆದರೂ —

ಮನೆಗೆ ಬಂದಾಗ ಪದ್ಮಾ ಅನ್ನ ಬಡಿಸುತ್ತಾ ಕೇಳಿದಳು, “ವದಿನಾ, ಒಬ್ರೂ ಫೋನ್ ಮಾಡಲಿಲ್ವಲ್ಲ. ನನ್ನ ಚಿತ್ರ ಚೆಂದಿಲ್ವಾ?”

“ಚೆಂದ ಐತೆ ಪದ್ಮಾ. ಕಾಯ್ಬೇಕು ಅಷ್ಟೆ.”

ಕಾಯಲು ಹೇಳಿದೆ. ಬಾರದ ಫೋನಿಗೆ, ನಾನೇ ಮುಚ್ಚಿದ ಬಾಗಿಲ ಮುಂದೆ ಕೂತು ಕಾಯಲು ಹೇಳಿದೆ!

ತಿದ್ದುವುದು ಕಷ್ಟವಾಗಿದ್ದರೆ ನನಗೆ ಎಷ್ಟು ಅನುಕೂಲವಾಗಿರುತ್ತಿತ್ತು. ಕೋಡಿಂಗ್ ಬೇಕಾಗಿದ್ದರೆ, ಚಿತ್ರದುರ್ಗಕ್ಕೆ ಹೋಗಿ ಯಾರನ್ನೋ ಕೇಳಬೇಕಾಗಿದ್ದರೆ! ಏನೂ ಬೇಕಿರಲಿಲ್ಲ. ಸೆಟ್ಟಿಂಗ್ಸ್ ತೆರೆದು ಒಂದು ಅಂಕಿ ಅಳಿಸಿ ಇನ್ನೊಂದು ಒತ್ತಬೇಕಿತ್ತು. ಒಂದು ಭಾನುವಾರ ಅವಳು ಬಟ್ಟೆ ಒಗೆಯಲು ಹೋದಾಗ ತೆರೆದೆ ಕೂಡ. ಆ ಎರಡರ ಪಕ್ಕ ಕರ್ಸರ್ ಮಿಣುಕುತ್ತಿತ್ತು. ಒಳಗಿನಿಂದ ಅತ್ತೆ ನರಳಿದರು. ನಾನು ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗಿ ಅವರಿಗೆ ನೀರು ಕುಡಿಸಿದೆ. ಅವರು ಸರಿಯಾಗಿರುವ ಕೈಯಿಂದ ನನ್ನ ಕೆನ್ನೆ ಸವರಿದರು. ಒಳ್ಳೆಯ ಸೊಸೆ ಎಂದುಕೊಂಡಿರಬೇಕು.

ಆಮೇಲೆ ಅವಳು ಕಳಿಸಿದ ಒಂದೊಂದು ಮೇಲ್‌ನ ಕೆಳಗೂ ನನ್ನ ಸುಳ್ಳು ತಾನಾಗಿ ಹೋಗಿ ಕೂತಿತು. ದಿನ ಹೋದಷ್ಟೂ ಹೇಳುವುದು ಕಷ್ಟವಾಯಿತು. ಮೊದಲ ದಿನ ಹೇಳಿದ್ದರೆ ‘ಅಯ್ಯೋ ವದಿನಾ’ ಎಂದು ನಗುತ್ತಿದ್ದಳು. ಈಗ ಹೇಳಿದರೆ — ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಕೇಳುತ್ತಾಳಲ್ಲ? ಆ ಪ್ರಶ್ನೆಗೆ ಹೆದರಿ ಇನ್ನೊಂದು ದಿನ. ಅದಕ್ಕೆ ಹೆದರಿ ಮತ್ತೊಂದು.

ಅವಳು ಕಳಿಸುವುದನ್ನು ನಿಲ್ಲಿಸಿದಳು. ಯಾವತ್ತು ಎಂದು ನನಗೆ ಗೊತ್ತಿಲ್ಲ. ಬಣ್ಣದ ಪೆನ್ಸಿಲ್‌ಗಳು ಪಕ್ಕದ ಮನೆಯ ಮಕ್ಕಳ ಕೈಯಲ್ಲಿ ಕಂಡಾಗ ಗೊತ್ತಾಯಿತು. ಕೇರಿಯಲ್ಲಿ ಯಾರಾದರೂ ಕೇಳಿದರೆ ನನ್ನ ಗಂಡ, “ಅವಳ ಚಿತ್ರ ಯಾರಿಗೂ ಬೇಡಂತೆ” ಎನ್ನುತ್ತಿದ್ದ. ಅದರಲ್ಲಿ ಕೆಟ್ಟತನವಿರಲಿಲ್ಲ. ನಿಜವೆಂದು ನಂಬಿ ಹೇಳುತ್ತಿದ್ದ. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ.

ಎರಡು ವರ್ಷದ ನಂತರ ಅತ್ತೆ ತೀರಿಕೊಂಡರು. ತಿಥಿಯೆಲ್ಲ ಮುಗಿದ ಮೇಲೆ ನಾನು ಮಾಡಿದ ಕೆಲಸ ಹೇಳಲು ಇವತ್ತಿಗೂ ನಾಚಿಕೆ. ಯಾರಿಗೂ ಗೊತ್ತಾಗದಂತೆ ಆ ಅಂಕಿಯನ್ನು ತಿದ್ದಿದೆ. ಚಹಾ ಕುದಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಆಮೇಲೆ ಪದ್ಮಾಳಿಗೆ ಹೇಳಿದೆ, “ಈಗ ನೀನು ಮತ್ತೆ ಕಳಿಸಿ ನೋಡು.” ಅವಳು ಅಕ್ಕಿ ಆರಿಸುತ್ತಾ ತಲೆಯಲ್ಲಾಡಿಸಿದಳು. “ಬ್ಯಾಡ ವದಿನಾ. ನನ್ನ ಕೈ ಅಷ್ಟೇ. ಅಣ್ಣ ಹೇಳಿದ್ದೇ ಖರೆ.”

ತಪ್ಪಿನ ಗುರುತನ್ನು ನಾನೇ ಅಳಿಸಿಬಿಟ್ಟಿದ್ದೆ. ಕಳಿಸಿದ ಹಳೆಯ ಮೇಲ್‌ಗಳನ್ನು ಯಾರು ತೆರೆದು ನೋಡುತ್ತಾರೆ? ಇನ್ನು ಯಾರೂ ಯಾವತ್ತೂ ಕಂಡುಹಿಡಿಯಲಾರರು. ಇದರಿಂದ ನೆಮ್ಮದಿ ಬರಬೇಕಿತ್ತು. ಬಂದದ್ದು ಬೇರೆ. ಒಳಗೆ ನಾನೊಬ್ಬಳೇ ಇರುವ ಕೋಣೆಗೆ ಹೊರಗಿನಿಂದ ಬೀಗ ಬಿದ್ದಂತಾಯಿತು.

ಹೋದ ತಿಂಗಳು ರಾಂಪುರದಿಂದ ಪದ್ಮಾಳನ್ನು ನೋಡಲು ಬಂದರು. ಒಳ್ಳೆಯ ಜನ. ಗಂಡಿನ ತಾಯಿ ಪ್ರೀತಿಯಿಂದ, “ಏನೋ ಡಿಪ್ಲೊಮಾ ಮಾಡಿದ್ದೀಯಂತಲ್ಲಮ್ಮ?” ಎಂದು ಕೇಳಿದರು. ಪದ್ಮಾ ಚಹಾದ ತಟ್ಟೆ ಇಳಿಸಿ, ಬೇರೆ ಯಾರದೋ ಸಂಗತಿ ಹೇಳುವ ಹಾಗೆ ಹೇಳಿದಳು — “ಮಾಡಿದ್ದೆರಿ. ಆದ್ರೆ ನಂಗೆ ಆ ಕೈ ಇಲ್ಲ. ಎಲ್ಲಾ ಕಡೆ ಕೇಳಿ ನೋಡಿದೆ, ಯಾರೂ ಬೇಕು ಅನ್ನಲಿಲ್ಲ.”

ಅವಳ ದನಿಯಲ್ಲಿ ದುಃಖವಿದ್ದಿದ್ದರೆ ನಾನು ಇನ್ನೂ ತಡೆದುಕೊಳ್ಳುತ್ತಿದ್ದೆನೇನೋ. ಇರಲಿಲ್ಲ. ತನ್ನ ಎತ್ತರ, ತನ್ನ ಬಣ್ಣ ಹೇಳುವಷ್ಟು ಸಹಜವಾಗಿ ಹೇಳಿದಳು. ನನ್ನ ಸುಳ್ಳು ಅವಳ ಮೈಯೇ ಆಗಿಹೋಗಿತ್ತು.

ಅವರು ಹೊರಟ ಮೇಲೆ ಹಿತ್ತಲಲ್ಲಿ ಲೋಟ ತೊಳೆಯುತ್ತಿದ್ದ ಅವಳ ಎದುರು ಕೂತು ಹೇಳಿದೆ. ಏಡು, ಎರಡು, ಲಾರಿಯವನು, ರಾಂಗ್ ನಂಬರ್, ಆ ಭಾನುವಾರ, ಎಲ್ಲ. ‘ಅತ್ತೆಗೋಸ್ಕರ’ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ನನಗೋಸ್ಕರ ಎಂದೇ ಹೇಳಿದೆ. ನಲ್ಲಿ ಸುರಿಯುತ್ತಲೇ ಇತ್ತು. ಅವಳು ಅಳಲಿಲ್ಲ, ಬೈಯಲಿಲ್ಲ. ತೊಳೆದ ಲೋಟವನ್ನು ಬೋರಲು ಹಾಕಿ ಒಂದೇ ಮಾತು ಕೇಳಿದಳು.

“ಎಷ್ಟು ಜನ ಫೋನ್ ಮಾಡಿದ್ರಂತೆ?”

ನಾನು ಲಾರಿಯವನನ್ನು ಅದನ್ನು ಕೇಳಿರಲೇ ಇಲ್ಲ. ಎಷ್ಟು ಜನ, ಯಾವ ಊರಿನವರು, ಆ ಮೇಡಂ ಯಾರು — ಒಂದನ್ನೂ ಕೇಳದೆ ಫೋನ್ ಇಟ್ಟಿದ್ದೆ. ಅವಳು ಕಳೆದುಕೊಂಡದ್ದು ಎಷ್ಟೆಂಬ ಲೆಕ್ಕವನ್ನೂ ಅವಳಿಗೆ ಕೊಡಲಾರದೆ ಹೋದೆ.

“ಅಣ್ಣನಿಗೆ ನೀನೇ ಹೇಳು,” ಎಂದಳು. “ನಾನು ಹೇಳಲ್ಲ.”

ಮರುದಿನ ಬೆಳಿಗ್ಗೆ ಮಗ್ಗ ಶುರುವಾಗುವ ಮೊದಲು ಅವಳ ಎದುರಿಗೇ ಹೇಳಿದೆ. ನನ್ನ ಗಂಡ ಲಾಳಿಯನ್ನು ಕೈಯಲ್ಲೇ ಹಿಡಿದು ಕೂತಿದ್ದ. ನನ್ನನ್ನು ನೋಡಿದ, ತಂಗಿಯನ್ನು ನೋಡಿದ. ಕೊನೆಗೆ, “ಆಗಿದ್ದು ಆಗಿಹೋಯ್ತು. ಈಗ ಇದನ್ನ ಹೇಳಿ ಯಾರಿಗೇನು ಉಪಯೋಗ?” ಎಂದ.

“ನನಗೆ ಉಪಯೋಗ ಐತೆ ಅಣ್ಣ,” ಎಂದಳು ಪದ್ಮಾ.

ಅವನು ತಲೆ ತಗ್ಗಿಸಿದ. ನನ್ನ ತಲೆ ಆಗಲೇ ತಗ್ಗಿತ್ತು.

ಅವಳು ನನ್ನನ್ನು ಕ್ಷಮಿಸಿಲ್ಲ. ನಾನೂ ಕೇಳಿಲ್ಲ. ನಾನು ಮಾಡಿದ ಅಡುಗೆ ಉಣ್ಣುತ್ತಾಳೆ, ಬೇಕಾದಷ್ಟು ಮಾತಾಡುತ್ತಾಳೆ, ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ರಾಂಪುರದವರಿಗೆ ಸದ್ಯಕ್ಕೆ ಏನೂ ಹೇಳಬೇಡಿ, ನಾನು ಯೋಚಿಸಬೇಕು ಎಂದಿದ್ದಾಳೆ. ಅವಳು ಮತ್ತೆ ಚಿತ್ರ ಬರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ. ಅದನ್ನು ಕೇಳುವ ಹಕ್ಕು ನನಗಿಲ್ಲ. ಆದರೆ ನಮ್ಮ ಕೇರಿಯಲ್ಲಿ ‘ಅವಳ ಚಿತ್ರ ಯಾರಿಗೂ ಬೇಡಂತೆ’ ಎಂದು ನಂಬಿರುವ ಮನೆಗಳಿವೆ. ಒಂದೊಂದೇ ಮನೆಗೆ ಹೋಗುತ್ತಿದ್ದೇನೆ. ಜಗುಲಿಯ ಮೇಲೆ ಕೂತು, ಅವರು ಕೊಟ್ಟ ನೀರು ಕುಡಿಯುವ ಮೊದಲೇ, ಅವಳ ಚಿತ್ರ ಬೇಕೆಂದು ಜನ ಹುಡುಕಿದ್ದರು, ಅಡ್ಡ ನಿಂತವಳು ನಾನು ಎಂದು ಹೇಳುತ್ತಿದ್ದೇನೆ.