ಬೊಮ್ಮಪ್ಪನವರಿಗೆ ಕೇಳದೆ ಹೋದ ತಾಳ

ಚನ್ನರಾಯನದುರ್ಗದ ಬೊಮ್ಮಪ್ಪನವರು ಮೂವತ್ತು ವರ್ಷ ಮೈಕ್‌ಸೆಟ್ ನಡೆಸಿದವರು. ಮದುವೆಗಾಗಲಿ ನಾಟಕಕ್ಕಾಗಲಿ, ಮರಕ್ಕೆ ಕಟ್ಟಿದ ಹಾರ್ನು ಪಕ್ಕದೂರಿಗೆ ಕೇಳಿಸಿದರೆ ಮಾತ್ರ ಅವರಿಗೆ ಸಮಾಧಾನ. ಆ ಕಸುಬಿನಲ್ಲಿ ಅವರದೊಂದು ನೇಮವಿತ್ತು: ಆಂಪ್ಲಿಫೈಯರ್ ಯಾವಾಗಲೂ ಶಕ್ತಿಯಲ್ಲಿ ಹಾರ್ನಿಗಿಂತ ಚಿಕ್ಕದಾಗಿರಬೇಕು, ಆಮೇಲೆ ದನಿಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೂ ಏನೂ ಸುಡುವುದಿಲ್ಲ. ಹಾರ್ನುಗಳು ಸುಡಲಿಲ್ಲವಾದ್ದರಿಂದ ನೇಮವನ್ನು ಯಾರೂ ಪ್ರಶ್ನಿಸಲಿಲ್ಲ.

ಕಸುಬು ಬಿಟ್ಟ ಮೇಲೆ ಮಗಳು ಮಧುಶ್ರೀ ಎಂಬತ್ತು ವ್ಯಾಟಿನ ಒಂದು ಜೊತೆ ಸ್ಪೀಕರ್ ತಂದುಕೊಟ್ಟಳು. ಬೊಮ್ಮಪ್ಪನವರು ನೇಮ ತಪ್ಪದೆ ಅದಕ್ಕೆ ಹದಿನೈದು ವ್ಯಾಟಿನ ಆಂಪ್ಲಿಫೈಯರ್ ಜೋಡಿಸಿ, ಭಜನೆಯ ಹಾಡುಗಳನ್ನು ಬೀದಿಗೆಲ್ಲ ಕೇಳಿಸತೊಡಗಿದರು.

ಕಳೆದ ಮಳೆಗಾಲದಲ್ಲಿ ಆ ಹಾಡುಗಳೊಳಗಿನ ತಾಳ ಅವರಿಗೆ ಕೇಳದಾಯಿತು. ಮದ್ದಳೆಯಿತ್ತು, ದನಿಯೂ ಇತ್ತು, ಕಂಚಿನ ಕಿಣಿಕಿಣಿ ಮಾತ್ರ ಇರಲಿಲ್ಲ. ಜೊತೆಯಲ್ಲಿ ದುಡಿದ ಕದರಪ್ಪ ಕಿವುಡಾದದ್ದು ಹೀಗೆಯೇ. “ಮೊದ್ಲು ತಾಳ ಹೋಯ್ತು ಕಣ್ಲಾ, ಆಮ್ಯಾಕೆ ಮೊಮ್ಮಕ್ಳ ಮಾತು” ಎಂದು ಆತ ಹೇಳಿದ್ದ. ಶನಿವಾರದ ಭಜನೆಯಲ್ಲಿ ತಾಳ ಹಾಕುತ್ತಿದ್ದವರು ಬೊಮ್ಮಪ್ಪನವರೇ. ಲಯ ತಪ್ಪಿ ನಗೆಪಾಟಲಾಗುವುದಕ್ಕಿಂತ ಮೊದಲೇ, ತಾಳವನ್ನು ಮತ್ತೆ ಕೈಗೆತ್ತಿಕೊಳ್ಳದೆ, ಮಂಡಿನೋವೆಂದು ಹೇಳಿ ಭಜನೆಗೆ ಹೋಗುವುದನ್ನೇ ಬಿಟ್ಟುಬಿಟ್ಟರು. ಮನೆಯಲ್ಲಿ ಗುಂಡಿಯನ್ನು ಮತ್ತಷ್ಟು ತಿರುಗಿಸಿದರು.

ಬೆಟ್ಟ ಹತ್ತಲೆಂದು ಕೊರಟಗೆರೆಯಿಂದ ಆಗಾಗ ಅಲ್ಲಿಗೆ ಹೋಗುವ ನನಗೆ ಅವರು ಇದನ್ನು ಜಗಲಿಯ ಮೇಲೆ ತಗ್ಗಿದ ದನಿಯಲ್ಲಿ ಹೇಳಿದರು. ವಯಸ್ಸು ಮೊದಲು ಕಸಿಯುವುದು ತೀಕ್ಷ್ಣ ಸ್ವರಗಳನ್ನೇ ಎಂದು ಓದಿದ್ದ ನಾನೂ ಹೆಚ್ಚುಕಡಿಮೆ ನಂಬಿದ್ದೆ. ಅಷ್ಟರಲ್ಲಿ ಅವರ ಮಡದಿ ಪುಟ್ಟಕ್ಕ ಒಳಗಿನಿಂದಲೇ ಅಂದರು:

“ತಾಳವಾ? ನಂಗೂ ಕೇಳಲ್ಲ. ನಾನೇನು ಮರ ಹತ್ತಿ ಹಾರ್ನ್ ಕಟ್ಟಿದ್ನಾ?”

ವಿಚಾರಿಸಿದರೆ ತಾವು ಕಿವುಡೆಂದು ಒಪ್ಪಿಕೊಂಡಂತಾಗುತ್ತದೆಂದು ಬೊಮ್ಮಪ್ಪನವರು ಹೆಂಡತಿಯನ್ನು ಒಮ್ಮೆಯೂ ಕೇಳಿರಲಿಲ್ಲ.

ಇಬ್ಬರ ಕಿವಿಗಳೂ ಒಟ್ಟಿಗೆ ಒಂದೇ ಸ್ವರವನ್ನು ಕಳೆದುಕೊಳ್ಳುವುದು ಸಂಭವವಲ್ಲ. ಅದೇ ಹಾಡನ್ನು ನನ್ನ ಫೋನಿನಲ್ಲಿ ಹಾಕಿ ಇಯರ್‌ಫೋನನ್ನು ಅವರ ಕಿವಿಗಿಟ್ಟೆ. ತುಸು ಹೊತ್ತಿಗೆ ಅವರ ಬೆರಳುಗಳು ಜಗಲಿಯ ಕಲ್ಲಿನ ಮೇಲೆ ತಾಳದ ಪೆಟ್ಟಿಗೆ ಸರಿಯಾಗಿ ಬೀಳತೊಡಗಿದವು.

“ಐತೆ” ಎಂದರು. “ಎಲ್ಲಾ ಐತೆ ಕಣಮ್ಮ.”

ಸ್ಪೀಕರಿನ ಪೆಟ್ಟಿಗೆಗಳನ್ನು ಬಿಚ್ಚಿ ನೋಡಿದೆವು. ತೀಕ್ಷ್ಣ ಸ್ವರಗಳನ್ನು ನುಡಿಸುವ ಪುಟ್ಟ ಟ್ವೀಟರುಗಳು ಎರಡೂ ಸುಟ್ಟುಹೋಗಿದ್ದವು. ಸೇರಿನಲ್ಲಿ ರಾಗಿ ಅಳೆಯುವಾಗ ಮೇಲಿನ ಗೋಪುರವನ್ನು ಅಂಗೈಯಿಂದ ಸವರಿ ಚಪ್ಪಟೆ ಮಾಡುವಂತೆ, ಶಕ್ತಿ ಸಾಲದ ಆಂಪ್ಲಿಫೈಯರ್ ಸ್ವರದ ಅಲೆಯ ನೆತ್ತಿಯನ್ನು ಕತ್ತರಿಸುತ್ತದೆ. ಹಾಗೆ ಕತ್ತರಿಸಿದ ಅಂಚಿನಿಂದ ಹುಟ್ಟುವ ಕರಕರ ಸದ್ದು ಹರಿಯುವುದು ಟ್ವೀಟರಿನ ಕೂದಲೆಳೆಯಂಥ ತಂತಿಗೆ; ಅದು ಕಾದು ಸುಟ್ಟುಹೋಗುತ್ತದೆ. ಅವರ ಹಾರ್ನುಗಳಲ್ಲಿ ಅಂಥ ಸೂಕ್ಷ್ಮ ಅಂಗವಿರಲಿಲ್ಲ. ಮೇಲಾಗಿ, ಜೋರು ದನಿಯೆಂದರೆ ಆ ಕರಕರವೇ ಎಂದು ಒಗ್ಗಿದ್ದ ಕಿವಿಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಇಯರ್‌ಫೋನಿನ ಒಂದು ಪರೀಕ್ಷೆಯನ್ನೇ ನೆಚ್ಚಬಾರದೆಂದು ನಾನು ಒತ್ತಾಯಿಸಿದ್ದರಿಂದ ತುಮಕೂರಿನಲ್ಲಿ ಕಿವಿ ತೋರಿಸಿದರು. ವಯಸ್ಸಿಗೆ ತಕ್ಕ ಸಣ್ಣ ಇಳಿಕೆ, ಅಷ್ಟೆ. ಟ್ವೀಟರ್ ಬದಲಾಯಿಸಿ ನೂರು ವ್ಯಾಟಿನ ಆಂಪ್ಲಿಫೈಯರ್ ಕೂರಿಸುವಾಗ ಮಾತ್ರ ಬಹಳ ವಾದಿಸಿದರು. ದೊಡ್ಡದರಿಂದಲೂ ಸುಡಬಹುದು, ಆದರೆ ಕಾಲುಭಾಗ ತಿರುಗಿಸಿದರೆ ಅದು ಆಯಾಸವಿಲ್ಲದೆ ಹಾಡುತ್ತದೆ ಎಂದೆ. ಅರೆಮನಸ್ಸಿನಿಂದ ಒಪ್ಪಿದರು.

ಮುಂದಿನ ಶನಿವಾರ ಸಂಜೆ ಅವರೊಡನೆ ಆಂಜನೇಯನ ಗುಡಿಯ ಕಡೆ ಹೊರಟೆ. ಭಜನೆ ಆಗಲೇ ಶುರುವಾಗಿತ್ತು. ಇವರ ಬದಲಿಗೆ ಓಬಳರಾಜು ತಾಳ ಹಿಡಿದಿದ್ದ. ಬೀದಿಯ ತಿರುವಿನಲ್ಲೇ ಬೊಮ್ಮಪ್ಪನವರು ನಿಂತು ಕಿವಿಗೊಟ್ಟರು.

“ಹಿಂದಕ್ಕೆ ಬೀಳ್ತಾವ್ನೆ ಕಣಮ್ಮ ಇವ್ನು” ಎಂದು, ನನ್ನನ್ನು ಅಲ್ಲೇ ಬಿಟ್ಟು ಬಿರಬಿರನೆ ನಡೆದರು.