ಡೇನಿಯಲ್ ತೋರಿಸದ ಕೈ

1983 ಜುಲೈ 16, ಶನಿವಾರ, ಮಧ್ಯಾಹ್ನ 3.10. ಆಸ್ಟ್ರೇಲಿಯಾ ಪ್ರವಾಸದ ನಡುವೆ ಅಡಿಲೇಡ್‌ನ ಐಸ್ ಹಾಕಿ ಅಂಗಳದಲ್ಲಿದ್ದೇನೆ. ಗೋಲ್‌ಕೀಪರ್ ಡೇನಿಯಲ್‌ಗೆ ಹತ್ತೊಂಬತ್ತು ವರ್ಷ. ಅವನನ್ನು ನೋಡಲೆಂದೇ ಕೆನಡಾದ ವೃತ್ತಿಪರ ತಂಡವೊಂದರ ಆಯ್ಕೆಗಾರ ಬಂದಿದ್ದಾನೆ. ನನ್ನ ಲೆಕ್ಕದಲ್ಲಿ ಡೇನಿಯಲ್ ಇಪ್ಪತ್ತಮೂರು ಹೊಡೆತ ತಡೆದಿದ್ದ. ಇಪ್ಪತ್ತನಾಲ್ಕನೆಯದು ಎಡಗೈಗೆ ಬಡಿದಾಗ ಅವನು ಮಂಡಿಯೂರಿದ.

ಅಂಗಳದ ವೈದ್ಯರು ಅವನ ತಂದೆಯೇ, ಮೈಸೂರಿನ ಡಾಕ್ಟರ್ ಲೋಬೊ. ಅವರು ಓಡಿ ಬಂದಾಗ ಮಗ ಬಲಗೈಯ ಗವಸು ಮಾತ್ರ ಕಳಚಿ ಚಾಚಿದ.

“ಇದಲ್ಲ ಕಣೋ, ಇನ್ನೊಂದು ತೋರ್ಸು.”

“ಐ ಆಮ್ ರೈಟ್, ಡ್ಯಾಡ್. ಏನೂ ಆಗಿಲ್ಲ.”

“ತೋರ್ಸು ಅಂದೆ.”

ಹೆಬ್ಬೆರಳು ಊದಿ ನೀಲಿಯಾಗಿತ್ತು. ಲೋಬೊ ಮಗನ ಮುಖ ನೋಡದೆ, ಇವನ ಆಟ ಸಾಕೆಂದು ರೆಫರಿಗೆ ಸನ್ನೆ ಮಾಡಿದರು. ಆಯ್ಕೆಗಾರ ಪುಸ್ತಕದಲ್ಲಿ ಏನನ್ನೋ ಬರೆದು ಎದ್ದು ಹೋದ.

ನನಗೆ ಪರ್ತ್ ರೈಲಿಗೆ ಹೊತ್ತಾಗಿತ್ತು. ಕೆನಡಾದಿಂದ ಡೇನಿಯಲ್‌ಗೆ ಕರೆ ಬಂತೇ? ತಿಳಿದವರು ನನಗೊಂದು ಸಾಲು ಬರೆದು ಹಾಕಿ.