ಕಂಚುಗಾರರ ಗುಬ್ಬಿ ತಲೆಯಾಡಿಸಿದ್ದು

ಗುಬ್ಬಿಯ ಮುತ್ತಜ್ಜ ಆಳೆತ್ತರದ ತಾಮ್ರದ ಹಂಡೆಯನ್ನು ಒಂದೂ ಬೆಸುಗೆಯಿಲ್ಲದೆ ಬಡಿದೆಬ್ಬಿಸಿದ ಗಟ್ಟಿ ಆಸಾಮಿ. ಅವನ ಮಗ ಸೀಳುಬಿಟ್ಟ ಗಂಟೆಗೆ ಮತ್ತೆ ದನಿ ಬರಿಸಿದವನು; ಆ ದನಿ ಊರಿಗೆಲ್ಲ ಕೇಳಿಸಿತು, ಅವನೊಬ್ಬನಿಗೆ ಕೇಳಿಸಲಿಲ್ಲ. ಸುತ್ತಿಗೆ ಹಿಡಿದ ಆ ಮನೆತನದಲ್ಲಿ ತಲೆ ನರೆಯುವ ಮೊದಲೇ ಕಿವಿ ಕೈಕೊಡುತ್ತಿತ್ತು. ಗುಬ್ಬಿಯ ಅಪ್ಪನದೂ ಆಗಲೇ ಅರ್ಧ ಹೋಗಿತ್ತು.

ಗುಬ್ಬಿಗೆ ಹುಟ್ಟಿನಿಂದಲೇ ಕೇಳಿಸದು. ತುಟಿ ನೋಡಿಯೇ ಮಾತು ಹಿಡಿಯುವ ಮನೆಯಲ್ಲಿ ಅದು ಬಹಳ ಕಾಲ ಯಾರ ಗಮನಕ್ಕೂ ಬರಲಿಲ್ಲ. ಗೊತ್ತಾದಾಗ ಅಜ್ಜಿ, "ನಾವೆಲ್ಲ ಬಡಿದೂ ಬಡಿದೂ ಕಿವುಡಾದ್ವಿ. ಇವಳು ಕೆಲಸ ಮುಗಿಸ್ಕೊಂಡೇ ಹುಟ್ಟಿದಾಳೆ ಬಿಡು!" ಎಂದು ನಗಿಸಿ, ಒಳಗೆ ಹೋಗಿ ಅತ್ತಳು.

ಅಂಗಡಿಯಲ್ಲೊಂದು ಕಟ್ಟಳೆಯಿತ್ತು. ಗಿರಾಕಿಯ ಮಾತು ತಿಳಿಯದಿದ್ದರೆ ಮತ್ತೆ ಕೇಳಬಾರದು, ನಕ್ಕು ತಲೆಯಾಡಿಸಬೇಕು. ಎಲ್ಲಿ ಸೋರುತ್ತದೆ, ಎಲ್ಲಿ ನೆಗ್ಗಿದೆ ಎಂಬುದನ್ನು ಆಮೇಲೆ ಪಾತ್ರೆಯೇ ಹೇಳುತ್ತದೆ. ಗುಬ್ಬಿ ನಡಿಗೆ ಕಲಿಯುವಾಗಲೇ ಇದನ್ನೂ ಕಲಿತಳು.

ತಾಮ್ರ ಯಾಕೆ ಕಿಲುಬು ಹಿಡಿಯುತ್ತದೆ ಎಂದು ಬೆನ್ನುಹತ್ತಿ, ರಸಾಯನಶಾಸ್ತ್ರವನ್ನೇ ಓದುತ್ತೇನೆಂದು ಹಟ ಹಿಡಿದಳು. ಒಳ್ಳೆಯ ಅಂಕ ಬಂತು. ಕಾಲೇಜಿನವರು ಸಂದರ್ಶನಕ್ಕೆ ಕರೆದರು. ಅಪ್ಪನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಅವಳೊಬ್ಬಳನ್ನೇ ಒಳಗೆ ಬಿಟ್ಟರು.

ಮೇಜಿನಾಚೆ ಇಬ್ಬರು. ಮೇಡಮ್ಮಿನ ತುಟಿ ತಿಳಿನೀರಿನಂತೆ ಸ್ಪಷ್ಟವಾಗಿತ್ತು. ಅವರು ಕೇಳಿದ್ದಕ್ಕೆಲ್ಲ ಗುಬ್ಬಿ ಪಟಪಟನೆ ಉತ್ತರ ಕೊಟ್ಟಳು. ಆದರೆ ದೊಡ್ಡ ಮೇಷ್ಟ್ರ ಮೀಸೆ ತುಟಿಯನ್ನು ನುಂಗಿಹಾಕಿತ್ತು. ಸಾಲದ್ದಕ್ಕೆ ಕಾಗದ ನೋಡುತ್ತಲೇ ಮಾತಾಡುವ ಚಾಳಿ. ಅವರೇನೋ ಕೇಳಿದರು. ಇನ್ನೊಮ್ಮೆ ಹೇಳಿ ಎನ್ನಲು ಅವಳಿಗೆ ನಾಲಿಗೆಯೇ ಏಳಲಿಲ್ಲ. ನಕ್ಕಳು, ತಲೆಯಾಡಿಸಿದಳು. ಅವರು ಮತ್ತೇನೋ ಕೇಳಿದರು. ಮತ್ತೆ ತಲೆಯಾಡಿಸಿದಳು. ಮೇಡಮ್ಮು ಅವಳನ್ನೇ ಒಂದು ಗಳಿಗೆ ನೋಡಿ ಕಣ್ಣು ತಗ್ಗಿಸಿದರು.

ಗುಬ್ಬಿ ಹೊರಗೆ ಬಂದು ಅಪ್ಪನ ಪಕ್ಕ ಕೂತಳು. ಸ್ವಲ್ಪ ಹೊತ್ತಿಗೆ ಗುಮಾಸ್ತ ಹೊರಬಂದು ಅಪ್ಪನಿಗೆ ಏನೋ ಹೇಳಿದ. ಅಪ್ಪ ಜೀವಮಾನದ ಕಟ್ಟಳೆ ಮುರಿದು, "ಏನಂದ್ರಿ? ಇನ್ನೊಂದ್ಸಲ ಹೇಳಿ ಸ್ವಾಮಿ" ಎಂದ. ಆ ಇನ್ನೊಂದು ಸಲ ಗುಬ್ಬಿಯೂ ಗುಮಾಸ್ತನ ತುಟಿ ಓದಿದಳು.

"ಕಿವಿ ಕೇಳದವರಿಗೆ ಪಾಠ ಬರ್ಕೊಡೋಕೆ ಇಲ್ಲಿ ಯಾರೂ ಇಲ್ಲ, ಸೀಟು ಬಿಟ್ಕೊಡ್ತೀಯಾ ಅಂತ ದೊಡ್ಡ ಮೇಷ್ಟ್ರು ಎರಡೆರಡು ಸಲ ಕೇಳಿದ್ರು. ನಗ್ತಾ ಹೂಂ ಅಂದ್ಲಲ್ಲ ನಿಮ್ಮ ಹುಡುಗಿ! ಬೇರೆಯವರಿಗೆ ಕೊಟ್ಟಾಯ್ತು."

ಅಪ್ಪನ ಮುಖ ಕಪ್ಪಿಟ್ಟಿತು. ಮಗಳ ಕೈಹಿಡಿದು ಬಾಗಿಲಿನತ್ತ ಎಳೆದ. "ಬಾ ಅವ್ವ, ಕಾಲಿಗಾದ್ರೂ ಬೀಳ್ತೀನಿ. ತಿಳೀದೆ ಹೂಂ ಅಂದ್ಲು ಅಂತ ಹೇಳ್ತೀನಿ."

ಗುಬ್ಬಿ ಇದ್ದಲ್ಲೇ ಕಾಲೂರಿ ನಿಂತಳು. ಕೆನ್ನೆ ಒದ್ದೆಯಾಗಿತ್ತು.

"ಬೇಡಪ್ಪ. ಇವತ್ತು ನೀನು ಕಾಲಿಗೆ ಬಿದ್ರೆ, ನಾನು ಓದಿ ಮುಗಿಸೋವರೆಗೂ ಬೀಳ್ತಾನೇ ಇರ್ಬೇಕು. ಕೇಳೋದಿದ್ರೆ ನಾನೇ ಕೇಳ್ತೀನಿ. ಈಗ ಆಗಲ್ಲ, ಮೊದ್ಲು ಮುಖ ಒರೆಸ್ಕೊಳ್ತೀನಿ. ನೀನು ಹೋಗ್ಬೇಡ. ನನ್ನ ಕೈ ಬಿಡು."